ತೋಮಾಸಕ್ಕನ ಚುರುಗುಟ್ಟುವ ಸೋಪು

ಆ ಶನಿವಾರ ಸಂಜೆ ತೋಮಾಸಾಳ ಕೈಯಿಂದ ಒಂದು ಪುಪುಸ ರೊಟ್ಟಿ ಜಾರಿ ನೆಲಕ್ಕೆ ಬಿತ್ತು. ಬೇರೆ ಊರಾಗಿದ್ದರೆ ನಾಯಿ ಬಂದು ತಿಂದುಕೊಂಡು ಹೋಗುತ್ತಿತ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ತೆಪೆಲುಯಾ ಊರಿನಲ್ಲಿ ಹಾಗಲ್ಲ. ಇಲ್ಲಿ ತೋಮಾಸಾಳ ಕೈಯಿಂದ ಪುಪುಸ ಬಿತ್ತೆಂದರೆ ಇಗರ್ಜಿಯ ಗಂಟೆ ಕಳಚಿ ಬಿದ್ದಷ್ಟೇ ದೊಡ್ಡ ಸುದ್ದಿ. ಅಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲ ಅಗಿಯುವುದನ್ನು ನಿಲ್ಲಿಸಿದರು. ನಾಯಿಯೂ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಯಾಕೆಂದರೆ ಅವಳ ಕೈ ಅಂಥಿಂಥ ಕೈಯಲ್ಲ. ಮುಸುಕಿನ ಜೋಳದ ಹಿಟ್ಟಿನ ಉಂಡೆ ಹಿಡಿದು, ಅದರ ಹೊಟ್ಟೆಗೆ ಚೀಸು, ಅರೆದ ಕೆಂಪು ಕಾಳು, ಲೊರೊಕೊ ಮೊಗ್ಗು ತುಂಬಿ, ಬಾಯಿ ಮುಚ್ಚಿ, ಎರಡು ಅಂಗೈ ನಡುವೆ ತಟ್ ತಟ್ ಎಂದು ತಟ್ಟಿ ಹಂಚಿಗೆ ಹಾಕಿದರೆ ಚಂದ್ರನೇ ನಾಚಿಕೊಂಡು ಮೋಡದ ಹಿಂದೆ ಹೋಗಬೇಕು, ಅಷ್ಟು ದುಂಡಗೆ. ಆ ಸದ್ದು ಕೇಳಿ ಹಸಿವಾಗಿಯೇ ನಮ್ಮ ಬೆಟ್ಟದ ಜ್ವಾಲಾಮುಖಿ ಹೊಗೆಯಾಡುತ್ತದೆ. ವಿಜ್ಞಾನಿಗಳು ಬೇರೇನೋ ಕಾರಣ ಹೇಳುತ್ತಾರೆ. ಪಾಪ, ಅವರು ತೋಮಾಸಾಳ ಅಂಗಡಿಯಲ್ಲಿ ತಿಂದವರಲ್ಲ.

"ಏನಾಯ್ತೇ?" ಎಂದ ಗಂಡ ಎಲ್ಮೆರ್, ಕಾಫಿ ಸೋಸುತ್ತ.

"ಏನಿಲ್ಲ. ಎಣ್ಣೆ ಕೈ, ಜಾರ್ತು."

"ಇಷ್ಟು ವರ್ಷದಿಂದ ಎಣ್ಣೆ ಕೈಯೇ ಅಲ್ವಾ ನಿಂದು?"

"ನೀನು ಕಾಫಿ ನೋಡ್ಕೋ."

ತೋಮಾಸಾ ಕೈಗಳನ್ನು ಏಪ್ರನ್ ಕೆಳಗೆ ಬಚ್ಚಿಟ್ಟುಕೊಂಡಳು. ಬಚ್ಚಿಟ್ಟುಕೊಳ್ಳುವುದಕ್ಕೆ ಕಾರಣವಿತ್ತು. ಅಂಗೈ ಕೆಂಡದಂತೆ ಕೆಂಪಾಗಿತ್ತು. ಬೆರಳಿನ ಗೆಣ್ಣುಗಳಲ್ಲಿ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಉಪ್ಪು ಬೆರೆತ ಹಿಟ್ಟು ಆ ಬಿರುಕಿಗೆ ಇಳಿದಾಗಲೆಲ್ಲ ಅವಳಿಗೆ ಸ್ವರ್ಗದಲ್ಲಿರುವ ಸಂತರೆಲ್ಲ ಸಾಲಾಗಿ ಕಾಣಿಸುತ್ತಿದ್ದರು.

ಮುಂದಿನ ತಿಂಗಳು, ನವೆಂಬರಿನ ಎರಡನೇ ಭಾನುವಾರ, ಪುಪುಸ ದಿನ. ದೇಶಕ್ಕೆ ದೇಶವೇ ಅವತ್ತು ಹಂಚಿನ ಸುತ್ತ ಸೇರುತ್ತದೆ. ತೆಪೆಲುಯಾದ ಚೌಕದಲ್ಲಿ ಗಾಡಿ ಚಕ್ರಕ್ಕಿಂತ ದೊಡ್ಡ ಪುಪುಸ ತಟ್ಟುತ್ತಾರೆ. ಹತ್ತಾರು ಹೆಂಗಸರು ಸುತ್ತ ನಿಂತು ಒಟ್ಟಿಗೆ ತಟ್ಟಬೇಕು. ತಾಳ ಹಾಕಿಕೊಡುವ ಮೊದಲ ಕೈ ಯಾರದೆಂದು ಊರ ಸಮಿತಿ ನಿರ್ಧರಿಸುತ್ತದೆ. ಈ ಸಲ ಆ ಗೌರವ ತೋಮಾಸಾಳಿಗೆ ಬಂದಿತ್ತು. ಅವಳ ತಾಯಿಗೂ ಸಿಗದ ಗೌರವ ಅದು. ಈ ಕೈಯಲ್ಲಿ ಆಗುವುದಿಲ್ಲವೆಂದರೆ ಎದುರು ಅಂಗಡಿಯ ವಿಲ್ಮಾ ಇದ್ದೇ ಇದ್ದಾಳೆ. ಆ ವಿಲ್ಮಾ ಪುಪುಸವನ್ನು ಯಂತ್ರದಲ್ಲಿ ಒತ್ತುವವಳು. ಯಂತ್ರದಲ್ಲಿ ಒತ್ತುವವಳಿಗೆ ಮೊದಲ ಕೈಯ ಮರ್ಯಾದೆ ಹೋಗುವುದೆಂದರೆ ತೋಮಾಸಾಳಿಗೆ ಆ ಹೊಗೆಯಾಡುವ ಬೆಟ್ಟಕ್ಕೆ ನಡೆದುಕೊಂಡು ಹೋಗಿ ಹಾರುವುದೇ ವಾಸಿ.

ಅಷ್ಟರಲ್ಲಿ ಯಾನೀರಾ ಬಂದಳು. ಯಾನೀರಾ ಊರ ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ಹೋಗಿ ಲಸಿಕೆ, ಸೊಳ್ಳೆ, ನೀರು ಎಂದು ಎಲ್ಲರ ತಲೆ ತಿಂದು, ಶನಿವಾರ ಸಂಜೆ ತೋಮಾಸಾಳ ಪುಪುಸ ತಿನ್ನಲು ಬರುವವಳು. ಅವಳು ತಿನ್ನುವುದನ್ನು ನೋಡಿದವರು ಅವಳ ಹೊಟ್ಟೆಯಲ್ಲಿ ಇನ್ನೊಂದು ಯಾನೀರಾ ಕೂತಿರಬೇಕೆಂದು ಆಣೆ ಮಾಡುತ್ತಾರೆ. ಬಂದವಳು ನೇರ ನಲ್ಲಿಯ ತೊಟ್ಟಿಗೆ ಹೋದಳು.

ಪುಪುಸವನ್ನು ಕೈಯಲ್ಲೇ ತಿನ್ನಬೇಕು. ಫೋರ್ಕ್ ಕೇಳಿದವನನ್ನು ನಮ್ಮಲ್ಲಿ ಪೊಲೀಸರೂ ಸಂಶಯದಿಂದ ನೋಡುತ್ತಾರೆ. ಹಾಗಾಗಿ ಪ್ರತಿ ಅಂಗಡಿಯ ಮುಂದೆಯೂ ಕೈ ತೊಳೆಯುವ ಸಿಮೆಂಟ್ ತೊಟ್ಟಿ, ತೊಟ್ಟಿಯ ಮೇಲೊಂದು ಸೋಪಿನ ಬಾಟಲಿ. ಯಾರ ಸೋಪಿನ ನೊರೆ ಹೆಚ್ಚು, ಯಾರ ಸೋಪಿನ ಪರಿಮಳ ಹೆಚ್ಚು ದೂರ ಹೋಗುತ್ತದೆ ಎಂದು ಅಂಗಡಿ ಅಂಗಡಿಗೆ ಪೈಪೋಟಿ. ಈ ಪೈಪೋಟಿಯಲ್ಲಿ ತೋಮಾಸಾಳನ್ನು ಸೋಲಿಸಿದವರಿಲ್ಲ. ವ್ಯಾನಿನವನು ಬಿಡಿಯಾಗಿ ಮಾರುವ, ಹೆಸರಿಲ್ಲದ, ಒಳಗೇನಿದೆ ಎಂಬ ಚೀಟಿಯಿಲ್ಲದ ಹಸಿರು ದ್ರವವನ್ನು ಹಳೇ ಸೋಡಾ ಬಾಟಲಿಗೆ ತುಂಬಿಸಿಕೊಂಡು, ಅದಕ್ಕೆ ತನ್ನದೇ ಕೈಚಳಕ ಸೇರಿಸುತ್ತಿದ್ದಳು. ನೊರೆಗೆ ಬಟ್ಟೆ ಒಗೆಯುವ ಪುಡಿ. ಶಕ್ತಿಗೆ ಬ್ಲೀಚು. ಘಮಕ್ಕೆ ನೆಲ ಒರೆಸುವ ದ್ರಾವಣ. ವಾರದ ಕೊನೆಗೆ ಬಾಟಲಿ ತಳ ಕಂಡರೆ ಒಂದು ಚೊಂಬು ನೀರು. ನೊರೆ ಎಂದರೆ ಎಂಥ ನೊರೆ. ಒಂದು ಹನಿ ಹಾಕಿದರೆ ಪಕ್ಕದ ಊರಿನವರು ಮಂಜು ಬಿತ್ತೆಂದು ಕಂಬಳಿ ಹೊದೆಯುತ್ತಿದ್ದರು.

ಯಾನೀರಾ ಬಾಟಲಿ ಮೂಸಿ ನೋಡಿದಳು. ಕಣ್ಣಲ್ಲಿ ನೀರು ಬಂತು. ಬಾಟಲಿ ಕೆಳಗಿಟ್ಟು, ಬರಿ ನೀರಿನಲ್ಲಿ ಬೆರಳು ಅದ್ದಿ, ತೋಮಾಸಾಳ ಮುಂದೆ ಬಂದು ನಿಂತಳು.

"ಕೈ ತೋರ್ಸು, ತೋಮಾಸಕ್ಕ."

"ಯಾಕೆ, ಭವಿಷ್ಯ ಹೇಳ್ತೀಯಾ?"

"ಹೇಳ್ತೀನಿ, ತೋರ್ಸು."

ತೋಮಾಸಾ ತೋರಿಸಲಿಲ್ಲ. ಯಾನೀರಾ ಏಪ್ರನ್ ಎತ್ತಿ ತಾನೇ ಹಿಡಿದು ನೋಡಿದಳು. ಬೆಂಚಿನಿಂದ ಎಲ್ಲರೂ ಕತ್ತು ಉದ್ದ ಮಾಡಿದರು.

"ಅಯ್ಯೋ ದೇವರೇ. ಈ ಕೈಲಿ ತಟ್ತಿದೀಯಾ? ಎಷ್ಟು ದಿನದಿಂದ ಹಿಂಗಿದೆ?"

"ಜೋಳಕ್ಕೆ ಹಾಕೋ ಸುಣ್ಣ ಕಣೇ. ಈ ಸಲ ಸುಣ್ಣ ಖಾರ ಬಂದಿದೆ."

"ಸುಣ್ಣ ಹಾಕಿ ಬೇಯಿಸಿ, ಆಮೇಲೆ ಚೆನ್ನಾಗಿ ತೊಳೀತೀಯಲ್ಲ."

"ಹಂಗಾದ್ರೆ ಹಂಚಿನ ಬಿಸಿ. ಅದೂ ಅಲ್ಲಾಂದ್ರೆ..." ತೋಮಾಸಾ ದನಿ ತಗ್ಗಿಸಿದಳು, ಎದುರು ಅಂಗಡಿ ಕಡೆ ಗಲ್ಲ ತೋರಿಸಿದಳು. "ಕಣ್ಣು. ನಂಗೆ ಮೊದಲ ಕೈ ಸಿಕ್ಕಿದ ದಿನದಿಂದ ಅವಳ ಕಣ್ಣು ನನ್ನ ಕೈ ಮೇಲೇ ಇದೆ."

"ವಿಲ್ಮಾ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ಅವಳ ಅಂಗಡಿ ಯಾಕೆ ಖಾಲಿ ಹೊಡೀತಿತ್ತು?" ಎಂದ ಡಾನ್ ಗುಮೇರ್, ಬಾಯಿ ತುಂಬ ಚೀಸು ಇಟ್ಟುಕೊಂಡು. ಊರ ಬ್ಯಾಂಡಿನಲ್ಲಿ ತುತ್ತೂರಿ ಊದುವ ಮುದುಕ ಅವನು; ಡಾನ್ ಎಂಬುದು ನಮ್ಮಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ. ಅವನು ಊದಿದರೆ ಬಾಳೆಗಿಡ ಬಾಗುತ್ತದೆ.

ಯಾನೀರಾ ನಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕೂತಳು.

"ಹೋದ ತಿಂಗಳು ತಂಗಿ ಮಗಳ ಮದುವೆಗೆ ಹೋಗಿದ್ದೆಯಲ್ಲ, ಬೆಟ್ಟದೂರಿಗೆ. ಅಲ್ಲಿ ಪುಪುಸ ತಟ್ಟಿದ್ದು ಯಾರು?"

"ಇನ್ಯಾರು? ನಾನೇ. ಬೆಟ್ಟ ತಟ್ಟಿದೀನಿ ಬೆಟ್ಟ. ಬ್ಯಾಂಡಿನವರೇ ತಿನ್ನಕ್ಕಾಗ್ದೆ ಕೈ ಮುಗಿದ್ರು."

"ಹಿಟ್ಟು?"

"ಅದೇ ಜೋಳ, ಅದೇ ಸುಣ್ಣ. ಇಲ್ಲಿಂದಾನೇ ಹೊತ್ಕೊಂಡು ಹೋಗಿದ್ದೆ."

"ಹಂಚು?"

"ಇಲ್ಲಿಗಿಂತ ಬಿಸಿ."

"ವಿಲ್ಮಾ?"

ತೋಮಾಸಾ ಹುಬ್ಬು ಗಂಟಿಕ್ಕಿದಳು. "ಬಂದಿದ್ಲು. ಪಕ್ಕದಲ್ಲೇ ಕೂತು ಉಂಡ್ಲು."

"ಸರಿ. ಆಗ ಕೈ ಹೇಗಿತ್ತು?"

ತೋಮಾಸಾಳಿಗೆ ನೆನಪಾಯಿತು. ಮದುವೆ ಮುಗಿಸಿ ಬರುವ ಬಸ್ಸಿನಲ್ಲಿ ಎಲ್ಮೆರ್ ಅವಳ ಕೈ ಹಿಡಿದುಕೊಂಡು, ಎಷ್ಟು ನುಣುಪಾಗಿದೆಯಲ್ಲೇ, ಮತ್ತೆ ಮದುವೆಯಾಗೋಣವಾ ಎಂದಿದ್ದ.

"ಬೆಣ್ಣೆ ಇದ್ದಂಗಿತ್ತು," ಎಂದ ಎಲ್ಮೆರ್, ಅವಳ ಪರವಾಗಿ.

"ಅಲ್ಲಿ ಯಾವ ಸೋಪಲ್ಲಿ ಕೈ ತೊಳೀತಿದ್ದೆ, ಅಕ್ಕ?"

"ಅದೇನೋ ತಂಗಿ ಇಟ್ಟಿದ್ದ ಸಪ್ಪೆ ಸೋಪು. ಬಣ್ಣ ಇಲ್ಲ, ವಾಸನೆ ಇಲ್ಲ, ನೊರೆನೂ..." ಹಂಚಿನ ಮೇಲಿನ ಪುಪುಸ ಸೀದು ಹೊಗೆ ಎದ್ದಿತು. ಯಾರೂ ನೋಡಲಿಲ್ಲ.

ಯಾನೀರಾ ಎದ್ದು ಬೆಂಚಿನ ಕಡೆ ತಿರುಗಿದಳು. "ಈ ತೊಟ್ಟೀಲಿ ದಿನಾ ಕೈ ತೊಳೆಯೋರೆಲ್ಲ ಕೈ ಎತ್ತಿ. ಅಂಗೈ ನನ್ನ ಕಡೆ."

ಒಬ್ಬೊಬ್ಬರಾಗಿ ಕೈ ಎತ್ತಿದರು. ಕೆಂಪು ಕೈ, ಸಿಪ್ಪೆ ಏಳುವ ಕೈ, ಬೆರಳ ಸಂದಿಯಲ್ಲಿ ಗುಳ್ಳೆ ಎದ್ದ ಕೈ. ಅಂಗಡಿ ತುಂಬ ಟೊಮೆಟೊ ಬೆಳೆ ಬಂದಂತೆ ಕಂಡಿತು.

"ನಂಗೂ ಕಡಿಯುತ್ತೆ," ಎಂದ ಡಾನ್ ಗುಮೇರ್. "ವಯಸ್ಸಾಯ್ತು ಅಂದ್ಕೊಂಡಿದ್ದೆ. ಮೊನ್ನೆ ಆ ಬಡಗಿ ಮುದುಕನ ಶವಯಾತ್ರೇಲಿ ಕೈ ಎಷ್ಟು ಕಡೀತು ಅಂದ್ರೆ, ಅಳೋ ರಾಗ ಹೋಗಿ ಕುಣಿಯೋ ರಾಗ ಆಗ್ಬಿಡ್ತು. ವಿಧವೆ ಹೆಜ್ಜೆ ಹಾಕಿದ್ಲು."

"ಆ ಸೋಪು ಉರಿಯುತ್ತೆ ಅಂತ ಒಬ್ರೂ ನನ್ನ ಹತ್ರ ಹೇಳ್ಲಿಲ್ವಲ್ಲ," ಎಂದಳು ತೋಮಾಸಾ.

"ನಿನ್ನ ಹತ್ರ ಹೇಳೋ ಧೈರ್ಯ ಯಾರಿಗಿದೆ, ಹುಡುಗಿ?" ಎಂದ ಡಾನ್ ಗುಮೇರ್.

ತೋಮಾಸಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಷ್ಟು ಸುಲಭಕ್ಕೆ ಸೋಲುವವಳಲ್ಲ ಅವಳು. "ಉರಿದ್ರೇನೇ ತೊಳೆದಂಗಲ್ವಾ? ಚುರ್ ಅನ್ನದೇ ಇದ್ರೆ ಕೊಳೆ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಹಿಟ್ಟು ಕೊಡು ಇಲ್ಲಿ," ಎಂದಳು ಯಾನೀರಾ. ಒಂದು ಉಂಡೆ ತೆಗೆದುಕೊಂಡು, ನೀರಾಗಲಿ ಎಣ್ಣೆಯಾಗಲಿ ಮುಟ್ಟಿಸದೆ, ಬಟ್ಟೆಯಲ್ಲಿ ಸುತ್ತಿ ಒತ್ತಿ ತೇವವನ್ನೆಲ್ಲ ಹೀರಿಸಿದಳು. "ಈಗ ತಟ್ಟು."

ತೋಮಾಸಾ ಒಳಗೆ ಚೀಸು ತುಂಬಿ ತಟ್ಟಿದಳು. ಅಂಚೆಲ್ಲ ಸೀಳಿಕೊಂಡು ಚೀಸು ಹೊರಗೆ ಇಣುಕಿತು.

"ಯಾಕೆ ಒಡೀತು?"

"ತೇವ ತೆಗೆದ್ಬಿಟ್ರೆ ಒಡೀದೆ ಏನಾಗುತ್ತೆ? ಅಷ್ಟೂ ಗೊತ್ತಿಲ್ವಾ ನಿಂಗೆ? ನೀರು, ಎಣ್ಣೆ ಸವರಿದ್ರೇನೇ ಹಿಟ್ಟು ಒಂದಕ್ಕೊಂದು ಹಿಡಿಯೋದು."

"ನಿನ್ನ ಚರ್ಮನೂ ಹಿಟ್ಟೇ ಕಣೇ ತೋಮಾಸಕ್ಕ. ಅದಕ್ಕೂ ತನ್ನದೇ ಎಣ್ಣೆ ಇದೆ, ಅದೇ ಅದನ್ನ ಹಿಡಿದಿಟ್ಕೊಂಡಿರೋದು. ಬಟ್ಟೆ ಪುಡಿ ಮಾಡಿರೋದು ಪ್ಯಾಂಟಿನ ಜಿಡ್ಡು ತೆಗೆಯೋಕೆ. ಅದು ನಿನ್ನ ಕೈ ಯಾವುದು, ಎಲ್ಮೆರ್ ಪ್ಯಾಂಟ್ ಯಾವುದು ಅಂತ ನೋಡಲ್ಲ. ಇರೋ ಎಣ್ಣೆನೆಲ್ಲ ಬಳ್ಕೊಂಡು ಹೋಗುತ್ತೆ. ಅಂಚು ಸೀಳ್ತಿದೆ, ಅಷ್ಟೇ. ನಿಂಗೆ ಉರೀತಿರೋದು ಕೊಳೆ ಸಾಯ್ತಿರೋದಕ್ಕಲ್ಲ. ಚರ್ಮ ಸುಡ್ತಿರೋದಕ್ಕೆ."

ತೋಮಾಸಾ ಕೈಯಲ್ಲಿದ್ದ ಒಡೆದ ಪುಪುಸ ನೋಡಿದಳು. ಆಮೇಲೆ ಆ ಪುಪುಸ ಹಿಡಿದಿದ್ದ ಕೈ ನೋಡಿದಳು. ಎರಡರಲ್ಲೂ ಒಂದೇ ತರಹದ ಬಿರುಕು. ಜಗತ್ತಿನ ಯಾವ ಡಾಕ್ಟರೂ, ಯಾವ ಪಾದ್ರಿಯೂ ಅವಳಿಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ.

"ಬ್ಲೀಚು?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಅದು ನೆಲಕ್ಕೆ, ಕಕ್ಕಸಿಗೆ. ಕೈಗಲ್ಲ. ಅದರ ಜೊತೆ ಅದೂ ಇದೂ ಬೆರೆಸಿದ್ರೆ ಏಳೋ ಹೊಗೆ ಗಂಟಲು, ಎದೆ ಹಿಡಿಯುತ್ತೆ. ಮುಚ್ಚಿದ ಕೋಣೇಲಿ ಬೆರೆಸಿದ್ರೆ ಜೀವಕ್ಕೇ ಅಪಾಯ."

"ನೀನು ಸೋಪು ಕಲಸೋವಾಗೆಲ್ಲ ಕೆಮ್ತಿದ್ದೆ," ಎಂದ ಎಲ್ಮೆರ್.

"ನೀರು ಹಾಕೋದ್ರಲ್ಲಿ ಏನು ತಪ್ಪು? ನೀರು ತಾನೇ?"

"ಸೋಪು ಕೆಡದೇ ಇರಲಿ ಅಂತ ಒಳಗೆ ಏನೋ ಹಾಕಿರ್ತಾರೆ. ನೀನು ನೀರು ಸುರಿದ್ರೆ ಅದರ ಶಕ್ತಿ ಹೋಗುತ್ತೆ, ಬಾಟಲಿ ತಳದಲ್ಲಿ ಕ್ರಿಮಿ ಸಂಸಾರ ಹೂಡ್ತಾವೆ. ಕೈ ತೊಳೆಯೋಕೆ ಹೋಗಿ ಕ್ರಿಮಿ ಬಳ್ಕೊಂಡು ಬರೋದು."

ಯಾನೀರಾ ಚೀಲದಿಂದ ಒಂದು ಸೋಪಿನ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಳು. ಚೀಟಿ ಇದ್ದ ಬಾಟಲಿ. ಒಳಗಿನದಕ್ಕೆ ಬಣ್ಣವೇ ಇರಲಿಲ್ಲ. ಡಾನ್ ಗುಮೇರ್ ಅದನ್ನು ಎತ್ತಿಕೊಂಡು ಕನ್ನಡಕ ಏರಿಸಿದ.

"ಇಲ್ಲಿ ಗ್ಲಿಸರಿನ್ ಅಂತ ಇದೆ."

"ಅದು ಒಳ್ಳೇದು, ಚರ್ಮದ ತೇವ ಹಿಡಿದಿಡುತ್ತೆ. ಪರ್ಫ್ಯೂಮ್ ಅಂತ ಇದೆಯಾ ನೋಡಿ."

"ಇಲ್ಲ."

"ಇಲ್ದೇ ಇರೋದೇ ವಾಸಿ. ಎಷ್ಟೋ ಜನರ ಚರ್ಮಕ್ಕೆ ಘಮ ಆಗಿಬರಲ್ಲ. ಇನ್ನು ಕೆಲವರಿಗೆ ಮೀಥೈಲ್‌ಐಸೊಥಯಾಜೊಲಿನೋನ್ ಆಗಲ್ಲ."

"ಇನ್ನೊಂದ್ಸಲ ಹೇಳಮ್ಮ," ಎಂದ ಡಾನ್ ಗುಮೇರ್. "ನನ್ನ ತುತ್ತೂರಿಲೂ ಅಷ್ಟುದ್ದ ಉಸಿರು ಹಿಡಿಯಕ್ಕಾಗಲ್ಲ."

"ಹೆಸರು ಉದ್ದ ಅಂತ ಹೆದರಬೇಡಿ. ಅದು ಸೋಪು ಕೆಡದಂಗೆ ಹಾಕೋದು, ಸುಮಾರು ಜನಕ್ಕೆ ಏನೂ ಆಗಲ್ಲ. ನಿಮಗೆ ಕಡಿತ ಬರ್ತಿದ್ರೆ ಚೀಟೀಲಿ ಅದು ಇದೆಯಾ ನೋಡಿ, ಬೇರೆ ತಗೊಳ್ಳಿ. ಅದಕ್ಕೇ ನಾನು ಹೇಳೋದು, ಚೀಟಿ ಇಲ್ಲದ ಬಾಟಲಿ ಬೇಡ. ಒಳಗೆ ಏನಿದೆ ಅಂತ ಕೇಳೋಕೆ ಯಾರ ಹತ್ರ ಹೋಗ್ತೀರಿ, ವ್ಯಾನಿನವನ ಹಿಂದೆ ಓಡ್ತೀರಾ?"

ತೋಮಾಸಾ ಆ ಸೋಪಿನ ಒಂದು ತೊಟ್ಟು ಬೆರಳಿಗೆ ಹಾಕಿ ಉಜ್ಜಿದಳು. ಮೂಗು ಮುರಿದಳು. "ನೊರೆನೇ ಇಲ್ಲ. ಗಿರಾಕಿ ಏನಂತಾನೆ? ತೋಮಾಸಾ ಬಡವಿ ಆಗಿದಾಳೆ ಅಂತಾನೆ."

ಯಾನೀರಾ ಹಂಚಿನ ತಳಕ್ಕೆ ಬೆರಳು ಸವರಿ, ತನ್ನ ಎರಡೂ ಕೈಗೆ ಮಸಿ ಬಳಿದುಕೊಂಡಳು. ನರಕದ ಬಾಗಿಲು ಕಾಯುವವನ ಕೈಯೂ ಅಷ್ಟು ಕಪ್ಪಿರಲಿಕ್ಕಿಲ್ಲ. ನಲ್ಲಿಯ ಕೆಳಗೆ ಕೈ ಒದ್ದೆ ಮಾಡಿ, ಆ ಸಪ್ಪೆ ಸೋಪು ಹಾಕಿ, ಅಂಗೈ, ಹಿಂಗೈ, ಬೆರಳ ಸಂದಿ, ಉಗುರಿನಡಿ, ಹೆಬ್ಬೆರಳ ಸುತ್ತ ಉಜ್ಜತೊಡಗಿದಳು. ಉಜ್ಜುತ್ತಾ ನಮೋ ಮರಿಯಾ ಪ್ರಾರ್ಥನೆಯನ್ನು ಒಮ್ಮೆ ನಿಧಾನವಾಗಿ ಹೇಳಿದಳು. ಆಮೆನ್ ಎನ್ನುವಾಗ ಕೈ ತೊಳೆದು ಎತ್ತಿದಳು. ಮಸಿ ಇರಲಿಲ್ಲ. ಉಗುರಿನಂಚಿನಲ್ಲೂ ಇರಲಿಲ್ಲ.

"ಕೊಳೆ ತೆಗೆಯೋದು ನೊರೆ ಅಲ್ಲ, ಅಕ್ಕ. ಉಜ್ಜೋದು. ಒಂದು ನಮೋ ಮರಿಯಾ, ಅವಸರ ಇಲ್ದೆ."

"ಅಂದ್ರೆ ನನ್ನ ಗಿರಾಕಿಗಳು ದೇವರ ಹೆಸರು ಹೇಳ್ಬೇಕು ಅಂತೀಯ," ಎಂದಳು ತೋಮಾಸಾ. ಅವಳ ಬಾಯಂಚಿನಲ್ಲಿ ನಗು ಹೊರಗೆ ಬರಲು ದಾರಿ ಹುಡುಕುತ್ತಿತ್ತು. "ಈ ಡಾನ್ ಗುಮೇರ್ ಇಗರ್ಜಿಗೆ ಹೋಗಿ ಎಷ್ಟು ಕಾಲ ಆಯ್ತೋ. ಪಾದ್ರಿ ನಂಗೇ ಸನ್ಮಾನ ಮಾಡ್ತಾರೆ."

ಹಸಿರು ಸೋಪನ್ನು ಅಂದೇ, ಬೇರೆ ಯಾವುದಕ್ಕೂ ಬೆರೆಸದೆ, ಗಾಳಿಯಾಡುವ ಕಡೆ ನಿಂತು, ಧಾರಾಳ ನೀರಿನೊಂದಿಗೆ ಬಚ್ಚಲಿಗೆ ಸುರಿದರು. ನೊರೆ ಬಚ್ಚಲು ತುಂಬಿ, ಅಂಗಳ ತುಂಬಿ, ಒಂದು ಕೋಳಿ ಅದರಲ್ಲಿ ಕಳೆದುಹೋಗಿ ಮರುದಿನ ಬೆಳ್ಳಗೆ ಹೊರಬಂತೆಂದು ಎಲ್ಮೆರ್ ಇವತ್ತಿಗೂ ಹೇಳುತ್ತಾನೆ. ಕೋಳಿ ಮೊದಲೇ ಬಿಳಿಯದಾಗಿತ್ತು ಎಂದು ತೋಮಾಸಾ.

ಆದರೆ ಸೋಪು ಚೆಲ್ಲಿದ ಮಾತ್ರಕ್ಕೆ ಕೈ ಸರಿಹೋಗುವುದಿಲ್ಲ. "ಬಿರುಕಿರೋ ಕೈಲಿ ಬೇರೆಯವರ ಊಟ ಮುಟ್ಟಬಾರದು. ನಿಂಗೂ ಕೆಟ್ಟದ್ದು, ತಿನ್ನೋರಿಗೂ ಕೆಟ್ಟದ್ದು," ಎಂದು ಯಾನೀರಾ ಅವಳನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಡಾಕ್ಟರು ಮುಲಾಮು ಕೊಟ್ಟರು, ಗಾಯ ಮಾಯುವವರೆಗೆ ಹಿಟ್ಟಿಗೆ ಕೈ ಹಾಕಬೇಡ ಎಂದರು. ಬಿಸಿ ನೀರು ಬೇಡ, ತೊಳೆದ ಮೇಲೆ ಸೋಪು ಉಳಿಯಬಾರದು, ಒರಟಾಗಿ ಉಜ್ಜದೆ ಬಟ್ಟೆಯನ್ನು ಒತ್ತಿ ಒರೆಸು, ಒರೆಸಿದ ಕೂಡಲೇ ವ್ಯಾಸಲಿನ್ ಹಚ್ಚು ಎಂದರು.

ಹಾಗಾಗಿ ಹಂಚಿನ ಮುಂದೆ ಎಲ್ಮೆರ್ ನಿಂತ. ಅವನು ತಟ್ಟಿದ ಪುಪುಸಗಳು ಭೂಪಟದಲ್ಲಿ ಇನ್ನೂ ಕಂಡುಹಿಡಿಯದ ದೇಶಗಳ ಹಾಗಿದ್ದವು. ಒಂದು ಪುಪುಸಕ್ಕೆ ಬಾಲ ಇತ್ತು. ತೋಮಾಸಾ ಕುರ್ಚಿಯಲ್ಲಿ ಕೂತು, ವ್ಯಾಸಲಿನ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಸೈನ್ಯಾಧಿಕಾರಿಯಂತೆ ಕೂಗುತ್ತಿದ್ದಳು. "ಬೆರಳಲ್ಲಲ್ಲ, ಅಂಗೈಲಿ. ಅಂಗೈಲಿ ಅಂದೆ. ಅದೇನು ಕೋಳಿ ಹಿಡಿಯೋ ಹಾಗೆ ಹಿಡ್ಕೊಂಡಿದೀಯ." ಗಿರಾಕಿಗಳು ನಗಲಿಕ್ಕೆಂದೇ ಬಂದರು, ಅಂಗಡಿ ಮೊದಲಿಗಿಂತ ತುಂಬಿತು. ಎದುರಿಂದ ವಿಲ್ಮಾ ದಿನಾ ಬಂದು, "ಹೇಗಿದೆ ಕೈ? ಆಗದೇ ಇದ್ರೆ ನಾನಿದೀನಿ, ಸಂಕೋಚ ಮಾಡ್ಕೋಬೇಡ," ಎಂದು ಸಿಹಿಯಾಗಿ ಕೇಳಿಕೊಂಡು ಹೋಗುತ್ತಿದ್ದಳು. ತೋಮಾಸಾ ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಬೆಳಕಿಗೆ ಅಂಗೈ ಹಿಡಿದು ನೋಡುತ್ತಿದ್ದಳು. ಒಂದು ದಿನ ಕೆಂಪು ಇಳಿದಿತ್ತು. ಇನ್ನೊಂದು ದಿನ ಮುಷ್ಟಿ ಕಟ್ಟಿದರೂ ಚರ್ಮ ಸೀಳಲಿಲ್ಲ. ಹಬ್ಬದ ಹಿಂದಿನ ದಿನ ಡಾಕ್ಟರು ಕೈ ತಿರುಗಿಸಿ ತಿರುಗಿಸಿ ನೋಡಿ, "ಹೋಗಿ ತಟ್ಟು," ಎಂದರು.

ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಲ್ಕು ಊರಿನ ಜನ ಎನ್ನುತ್ತಾರೆ, ನನ್ನ ಲೆಕ್ಕದಲ್ಲಿ ನಾಲ್ಕು ದೇಶದವರು. ಜಗಲಿಯಷ್ಟಗಲದ ಹಂಚು ಕಾದಿತ್ತು. ತೋಮಾಸಾ ತೊಟ್ಟಿಯ ಮುಂದೆ ನಿಂತು, ಸಪ್ಪೆ ಸೋಪಿನಲ್ಲಿ ಒಂದು ಇಡೀ ನಮೋ ಮರಿಯಾ ಉಜ್ಜಿ, ತೊಳೆದು, ಒರೆಸಿಕೊಂಡು ಹಂಚಿನ ಪಕ್ಕದ ಕಟ್ಟೆ ಹತ್ತಿದಳು. ಉಪ್ಪು ಹಿಟ್ಟಿನೊಳಗೆ ಮೊದಲ ಸಲ ಅಂಗೈ ಇಳಿಸಿದಳು. ಚುರ್ ಎನ್ನಬಹುದೆಂದು ಕಾದಳು.

ಎನ್ನಲಿಲ್ಲ. ಹಿಟ್ಟು ತಣ್ಣಗೆ, ಮೆತ್ತಗೆ, ಹಳೇ ಗೆಳತಿಯ ಹಾಗೆ ಕೈ ಹಿಡಿದುಕೊಂಡಿತು.

ತಟ್ ಎಂದಳು. ಸುತ್ತಲಿನ ಕೈಗಳೆಲ್ಲ ತಟ್ ಎಂದವು. ಆಮೇಲೆ ಏನು ಕೇಳುತ್ತೀರಿ, ಚೌಕವೇ ಮದ್ದಳೆಯಾಯಿತು. ಡಾನ್ ಗುಮೇರ್ ಕಡಿತವಿಲ್ಲದ ಕೈಯಲ್ಲಿ ತುತ್ತೂರಿ ಎತ್ತಿದ, ಬೆಟ್ಟ ಹೊಗೆ ಬಿಟ್ಟಿತು, ಪುಪುಸ ಹಿಗ್ಗುತ್ತ ಹಿಗ್ಗುತ್ತ ಹೋಗಿ ಅಂಚಿನಲ್ಲಿ ಒಂದೇ ಒಂದು ಬಿರುಕಿಲ್ಲದೆ ಮಲಗಿತು.

ಇಳಿದು ಬಂದಾಗ ತೊಟ್ಟಿಯ ಹತ್ತಿರ ವಿಲ್ಮಾ ನಿಂತಿದ್ದಳು. ಬಾಟಲಿ ಮೂಸಿ ಮೂಗು ಮುರಿದಳು. "ಇದೇನೇ, ನೊರೆನೂ ಇಲ್ಲ, ಘಮಾನೂ ಇಲ್ಲ. ನನ್ನ ಸೋಪು ನೋಡ್ಬೇಕು, ಕೈಗೆ ಹಾಕಿದ್ರೆ ಚುರ್ ಅನ್ನುತ್ತೆ."

ತೋಮಾಸಾ ಪೈಪೋಟಿಯವಳ ಕೈ ಹಾಗೇ ಬಿರುಕು ಬಿಡಲಿ ಎಂದು ಬಿಡಬಹುದಿತ್ತು. ಆದರೆ ಆ ಉರಿ ಏನೆಂದು ಅವಳಿಗೆ ಗೊತ್ತಿತ್ತು.

"ಕೈ ತೋರ್ಸು, ವಿಲ್ಮಾ," ಎಂದಳು.

"ಯಾಕೆ, ಭವಿಷ್ಯ ಹೇಳ್ತೀಯಾ?"

"ಹೇಳ್ತೀನಿ, ತೋರ್ಸು."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಕೈಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಆಮೇಲೆ ನಿಮ್ಮ ನಲ್ಲಿಯ ಹತ್ತಿರದ ಬಾಟಲಿಯನ್ನು ತಿರುಗಿಸಿ ನೋಡಿ. ಒಳಗೇನಿದೆ ಎಂದು ಬರೆದಿಲ್ಲದ ಸೋಪು ಮನೆಗೆ ತರಬೇಡಿ. ತಂದ ಸೋಪಿಗೆ ನೀರು, ಬ್ಲೀಚು, ಬಟ್ಟೆ ಪುಡಿ ಏನನ್ನೂ ಬೆರೆಸಬೇಡಿ. ಹೊಸ ಸೋಪಾದರೆ ಮೊದಲು ಮೊಣಕೈಯ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ತೊಳೆದು, ಕೆಲವು ದಿನ ಹೀಗೇ ಮಾಡಿ ನೋಡಿ. ಕೆಂಪಾದರೆ, ಕಡಿತ ಬಂದರೆ ಅದು ನಿಮ್ಮದಲ್ಲ. ಬಿರುಕು ಬಿಟ್ಟ ಕೈಯನ್ನು ಏಪ್ರನ್ನಿನಡಿ, ಸೆರಗಿನಡಿ ಬಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ಕೈ ತೊಳೆಯುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ನಿಮಗೆ ಇಷ್ಟವಾದ ಪ್ರಾರ್ಥನೆಯನ್ನೋ ಹಾಡಿನ ಎರಡು ಸಾಲನ್ನೋ ನಿಧಾನವಾಗಿ ಹೇಳಿಕೊಂಡು ಉಜ್ಜಿ. ಕೈ ತೊಳೆದ ಮೇಲೆ ಚುರ್ ಎಂದರೆ ಅದು ಶುಭ್ರವಾದ ಗುರುತಲ್ಲ, ನಿಮ್ಮ ಚರ್ಮ ನಿಮ್ಮನ್ನು ಕರೆಯುತ್ತಿದೆ. ಓಗೊಡಿ.